ಲಮಾರಾಳ ಗ್ಯಾರಂಟಿ

ಕುತಾಯಿಸಿಯ ಸೋಫಾ ಕಾರ್ಖಾನೆಯಲ್ಲಿ
ಇಪ್ಪತ್ತಾರು ವರ್ಷ ಸ್ಪ್ರಿಂಗು ಸುತ್ತಿದವಳು ಲಮಾರಾ.
ತಂತಿಯ ಮಾತು ಬಂದರೆ ಈಗಲೂ
ಅವಳ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತದೆ.

ಗರ್ಭಕೋಶದ ಬಾಯಲ್ಲಿ ಎದ್ದ ಗಡ್ಡೆ
ಪಕ್ಕಕ್ಕೆ ಕೈಚಾಚಿ
ಮೂತ್ರನಾಳದ ಕತ್ತು ಹಿಸುಕಿದ್ದು
ಹೋದ ದ್ರಾಕ್ಷಿಸುಗ್ಗಿಯಲ್ಲಿ.
ಬಲಗಡೆಯ ಕಿಡ್ನಿ ಸದ್ದಿಲ್ಲದೆ ಕೈಬಿಟ್ಟಿತು.
ಎಡಕ್ಕೆ ಪ್ಲಾಸ್ಟಿಕ್ಕು ತೂರಿಸಿದರು,
ಎರಡು ತಿಂಗಳಿಗೆ ಚಪ್ಪಟೆ.
ಮತ್ತೊಂದು. ಅದೂ.
ಆಮೇಲೆ ಬೆನ್ನಿಗೊಂದು ತೂತು, ತೂತಿಗೊಂದು ನಳಿಕೆ,
ನಳಿಕೆಯ ತುದಿಗೆ ಚೀಲ.
"ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ಹಾಗೆ," ಅಂದೆ ನಾನು, ರಾತ್ರಿಪಾಳಿಯ ನರ್ಸು.
"ಕೂಸಾದರೆ ಒಮ್ಮೊಮ್ಮೆ ನಿದ್ದೆ ಮಾಡುತ್ತದೆ," ಅಂದಳು.

ಡಾಕ್ಟರ್ ವಾಖ್ತಾಂಗ್
ಲೋಹದ್ದೊಂದನ್ನು ಅವಳ ಅಂಗೈಗೆ ಹಾಕಿದರು, ನೋಡಲಿ ಅಂತ.
ಕನ್ನಡಕ ಏರಿಸಿ, ಉಗುರು ಎಳೆದು,
"ಸುತ್ತು ಬಿಗಿಯಿದೆ. ಕೂದಲೂ ತೂರದು.
ನೀರು ಎಲ್ಲಿಂದ ಹೋಗಬೇಕು?"
"ಸುತ್ತುಗಳ ಸಂದಿನಿಂದಲೇ. ಜಿನುಗುತ್ತದೆ."
"ಯಾರು ಸುತ್ತಿದ್ದು?"
"ಯಂತ್ರ."
"ಹ್ಞೂಂ."
"ಗಡ್ಡೆ ಒತ್ತಿದರೂ ಸುಲಭಕ್ಕೆ ಬಗ್ಗುವುದಿಲ್ಲ ಇದು.
ವರ್ಷಕ್ಕೊಮ್ಮೆ ಬದಲಾಯಿಸಿದರೆ ಸಾಕು."

ವರ್ಷ.
ಆ ಮಾತು ಬಿದ್ದ ಮೇಲೆ ಡಾಕ್ಟರು ಪೆನ್ನು ಹುಡುಕತೊಡಗಿದರು;
ಪೆನ್ನು ಕಿಸೆಯಲ್ಲೇ ಇತ್ತು.
ನಕ್ಕವಳು ಲಮಾರಾ:
"ನಮ್ಮ ಸೋಫಾಕ್ಕೂ ಗ್ಯಾರಂಟಿ ಚೀಟಿ ಇರುತ್ತಿತ್ತು.
ಹತ್ತು ವರ್ಷ.
ಕೂರುವವರ ಬಗ್ಗೆ ಅದರಲ್ಲಿ
ಏನೂ ಬರೆಯುತ್ತಿರಲಿಲ್ಲ."

ಹಾಕಿದರು. ಎಕ್ಸ್‌ರೇಯಲ್ಲಿ
ಎರಡೂ ತುದಿ ಮುರುಟಿದ ಬಿಳಿಯ ಎಳೆ,
ಮಿಕ್ಕದ್ದೆಲ್ಲ ಮಂಜು.
ಮೊದಲೆರಡು ದಿನ ಕೆಂಪು ಬಂತು.
ದಾಳಿಂಬೆ ರಸ ಅಂದಿದ್ದಕ್ಕೆ ಬೈಸಿಕೊಂಡೆ.
ಸೊಂಟದಲ್ಲಿ ಏನೋ ಕೊಕ್ಕೆ ಎಳೆದಂತೆ ಅಂತ
ಹಾಸಿಗೆಯ ಕಂಬಿ ಹಿಡಿದು ಹಲ್ಲು ಕಚ್ಚಿದಳು.

ಮೂರನೆಯ ರಾತ್ರಿ, ಮೂರೂವರೆ.
ಬೆನ್ನ ನಳಿಕೆ ತೆಗೆದಾಗಿತ್ತು.
ನನ್ನ ತೋಳು ಹಿಡಿದು ನಡೆದಳು,
ಐದು ತಿಂಗಳ ಮೇಲೆ
ಎಲ್ಲರ ಹಾಗೆ, ಒಂದಕ್ಕೆ.
ಬಾಗಿಲಾಚೆ ನಿಂತೆ.
ತುಂಬ ಹೊತ್ತು ಏನೂ ಇಲ್ಲ,
ಕಾರಿಡಾರಿನ ದೀಪದ ಗುಂಯ್ ಮಾತ್ರ.
ಆಮೇಲೆ ತಗಡಿನ ಮೇಲೆ ಒಂದು ಹನಿ. ಇನ್ನೊಂದು.
ಆಮೇಲೆ ಎಣಿಸಲಾಗಲಿಲ್ಲ.

ಇನ್ನೂರ ನಲವತ್ತು ಅಂತ ಬರೆದೆ.
"ಸರಿಯಾಗಿ ಅಳೆದೆಯಾ? ಅಂದಾಜು ಬೇಡ,"
ಅಂದಳು ಒಳಗಿಂದ, ಮೇಸ್ತ್ರಿಯ ದನಿಯಲ್ಲಿ.

ಬದಲಾವಣೆಯ ದಿನಾಂಕ ಗುರುತು ಹಾಕಬೇಕು.
ಮುಂದಿನ ವರ್ಷದ ರಿಜಿಸ್ಟರು ಇನ್ನೂ ಬಂದಿಲ್ಲ,
ಈ ವರ್ಷದ್ದರ ರಟ್ಟಿನ ಒಳಮೈಗೆ
ಪೆನ್ಸಿಲ್ಲಿನಲ್ಲಿ ಬರೆದೆ.
ಇಣುಕಿ ನೋಡಿದಳು.
ಪೆನ್ನು ಕೇಳಿದಳು.