ಎಂಟನೆಯ ಬೆಲ್ಟ್

ಏಳು ಬೆಲ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಮಲಗಿಸಿದೆ.
ಒಂದೇ ಚಳಿಗಾಲದ ಏಳು ಸಾವು.
ವೇಲ್‌ಮೌಂಟಿನ ರೈಲುಹಳಿಯ ಪಕ್ಕದ ಶೆಡ್ಡಿನಲ್ಲಿ
ಆರ್ಡಿಸ್ ಟ್ವೇಟ್ ಕನ್ನಡಕ ಹಣೆಗೇರಿಸಿ
ಒಂದೊಂದನ್ನೂ ಮೂಸಿ ನೋಡಿದಳು,
ಮೀನು ಕೊಳ್ಳುವವರ ಹಾಗೆ.

"ಇದು ನಿಂತಲ್ಲೇ ಸುಟ್ಟದ್ದು.
ಟ್ರ್ಯಾಕು ಹಿಮಕ್ಕೆ ಕಚ್ಚಿಕೊಂಡಿತ್ತು, ನೀನು ಒತ್ತಿದೆ.
ಇದರ ಒಂದೇ ಅಂಚು ಸವೆದಿದೆ:
ನಿನ್ನ ಎರಡು ಕ್ಲಚ್ಚು ಒಂದನ್ನೊಂದು ಓರೆಗಣ್ಣಲ್ಲಿ ನೋಡುತ್ತಿವೆ.
ಇದು..."
ನಾರುನಾರಾದ ಮೂರನೆಯದನ್ನು ಎತ್ತಿ
ಸುಮ್ಮನೆ ನನ್ನ ಮುಖ ನೋಡಿದಳು.

ಅದನ್ನು ನಾನೂ ಮರೆತಿಲ್ಲ.
ಬೆಟ್ಟದ ಓರೆಯಲ್ಲಿ ಒಂದು ಕಾಲು ಹಿಮಕ್ಕೆ ಚಾಚಿ
ಗಾಡಿ ವಾಲಿಸಿ ಹೋಗುತ್ತಿದ್ದೆ.
ಮೇಲಿನ ಹಿಮದ ಹೊರೆ ಉಸಿರು ಹಿಡಿದು ಕೂತಿತ್ತು.
ಪಟ್.
ಎಂಜಿನ್ ಕಿರುಚುತ್ತಲೇ ಇತ್ತು, ಗಾಡಿ ನಿಂತಿತ್ತು.
ಇನ್ನೂರು ಕುದುರೆ ಲಾಯದೊಳಗೇ ಓಡುತ್ತಿದ್ದವು.
ಕೈಗವಸು ಹಲ್ಲಲ್ಲಿ ಕಚ್ಚಿ ಎಳೆದು
ಹಿಂದಿನ ಕ್ಲಚ್ಚಿಗೆ ಸುತ್ತಿಕೊಂಡ ದಾರಗಳನ್ನು
ಚಾಕುವಿನಿಂದ ಕೊಯ್ದೆ. ಹದಿನೇಳು ನಿಮಿಷ.
ತಲೆಯೆತ್ತಿ ನೋಡಲಿಲ್ಲ.
ನೋಡಿದ್ದರೆ ಬೆರಳು ಮಾತು ಕೇಳುತ್ತಿರಲಿಲ್ಲ.

"ಇರುವುದರಲ್ಲೇ ಗಟ್ಟಿ ಬೆಲ್ಟ್ ಕೊಡು, ದುಡ್ಡಿನ ಮಾತಿಲ್ಲ" ಅಂದೆ.
ನಕ್ಕಳು.
"ಬೆಲ್ಟು ಕೂಲಿಯಾಳು ಮಾರಾಯ.
ಇಬ್ಬರು ಧಣಿಗಳ ಜಗಳದಲ್ಲಿ ಸತ್ತಿದೆ.
ಏಳು ಹೆಣ ಕಂಡಮೇಲೂ ಆಳನ್ನೇ ಬದಲಿಸುತ್ತೀಯಾ?"

ಮುಂದಿನ ಕ್ಲಚ್ಚು ಬಿಚ್ಚಿ, ಕೊಕ್ಕಿನಂಥ ತೂಕಗಳನ್ನು
ಔಷಧಿಯಂಗಡಿಯ ತಕ್ಕಡಿಯಲ್ಲಿಟ್ಟಳು.
"ತೂಕ ಹೆಚ್ಚಿದರೆ ಎಂಜಿನ್ ತೂಕಡಿಸುತ್ತದೆ.
ಕಡಿಮೆಯಾದರೆ ಬರೀ ಹಾರಾಟ, ಹಿಡಿತವಿಲ್ಲ;
ಹಿಡಿತ ತಪ್ಪಿದ್ದು ಜಾರುತ್ತದೆ, ಜಾರಿದ್ದು ಬಿಸಿಯಾಗುತ್ತದೆ,
ಬಿಸಿಯಾದದ್ದು ಒಂದು ದಿನ ಬಾಯಿ ಬಿಡುತ್ತದೆ."
ಅರ್ಧ ಗ್ರಾಂ ಸೇರಿಸಿದಳು, ತುದಿಗಲ್ಲ, ಬುಡಕ್ಕೆ.
ಮತ್ತೆ ಅರ್ಧ.
"ಟರ್ಬೊ ಹಾಕಿಸಿದ್ದಾನೆ, ಸ್ಪ್ರಿಂಗು ಹಳೆಯದೇ"
ಎಂದು ಗೋಡೆಯ ಸ್ಪ್ಯಾನರುಗಳಿಗೆ ದೂರು ಹೇಳಿ
ಹಿಂದಿನ ಕ್ಲಚ್ಚಿಗೆ ಬಿರುಸಾದದ್ದನ್ನು ಕೂರಿಸಿದಳು,
ಹೀಲಿಕ್ಸಿನ ಇಳಿಜಾರು ಎರಡು ಡಿಗ್ರಿ ತಗ್ಗಿಸಿದಳು.
ತಟ್ಟೆಗಳ ಮೇಲೆ ಹಳೆಯ ಬೆಲ್ಟುಗಳ ಕರಿ;
ಉಜ್ಜುವ ಕೆಲಸ ನನಗೇ ಬಿತ್ತು.
ಹೊಸತನ್ನು ಸೋಪುನೀರಲ್ಲಿ ಮೀಯಿಸಿ ಒರೆಸಿ ಕೊಟ್ಟಳು:
"ಎಂಬತ್ತು ಕಿಲೋಮೀಟರು ಮೆಲ್ಲಗೆ."

ಮೆಲ್ಲಗೆ!
ನಾನು ಚಹಾವನ್ನೂ ನಿಂತೇ ಕುಡಿಯುವವನು.

"ಗುಡ್ಡ ಹತ್ತಿ ನಿಲ್ಲು. ಎಂಜಿನ್ ಆರಿಸಿ ಮುಚ್ಚಳ ತೆಗೆ.
ಎಲ್ಲ ನಿಂತಮೇಲೆ ತಟ್ಟೆಯ ಮೇಲೆ ಅಂಗೈ ಇಡು.
ಹತ್ತು ಎಣಿಸುವಷ್ಟು ಇಡಲಾದರೆ ನೀನು ಬದುಕಿಕೊಂಡೆ."
ನಾಲ್ಕಕ್ಕೇ ತೆಗೆದೆ.
ಶೆಡ್ಡಿಗೆ ಬಂದು ಎಂಟು ಅಂದೆ.
"ಅಂಗೈ ತೋರಿಸು" ಅಂದಳು.

ಇನ್ನೊಂದು ಅರ್ಧ ಗ್ರಾಂ. ಇನ್ನೊಂದು ಶನಿವಾರ.
ಓರೆಗಣ್ಣು ಬಿಡಿಸಲು ತೆಳ್ಳನೆಯ ಒಂದು ವಾಷರು.

ಮಾರ್ಚಿನಲ್ಲಿ ದಿಣ್ಣೆಯ ತುದಿಯಲ್ಲಿ ಒಬ್ಬ ಹುಡುಗ ಕೂತಿದ್ದ,
ತೆರೆದ ಗಾಡಿಯ ಪಕ್ಕ, ಮಡಿಲಲ್ಲಿ ದಾರದ ಗೊಂಚಲು.
ಹತ್ತಿರ ಹೋಗುವ ಮೊದಲೇ ವಾಸನೆ ಗುರುತು ಸಿಕ್ಕಿತು.
ತಿಂಗಳುಗಟ್ಟಲೆ ಚೀಲದಲ್ಲೇ ಮಲಗಿದ್ದ
ನನ್ನ ಬದಲಿ ಬೆಲ್ಟನ್ನು ಕೊಟ್ಟೆ.
"ಇದು ಯಾವ ಕಂಪನಿಯದು? ಬಾಳುತ್ತದಾ?"
ಏನೆಂದು ಹೇಳಲಿ?
ರೈಲುಹಳಿಯ ಪಕ್ಕದ ಶೆಡ್ಡಿನ ದಾರಿ ಹೇಳಿದೆ.

ಬದಲಿ ಇಲ್ಲದೆ ಇಳಿದೆ, ಗಾಡಿಯ ದನಿಗೆ ಕಿವಿಗೊಟ್ಟು.
ಪೈನ್ ಮರಗಳ ಸಾಲಿಗೆ ಬಂದಾಗ
ಯಾರೂ ಹೇಳದಿದ್ದರೂ ನಿಲ್ಲಿಸಿ, ಮುಚ್ಚಳ ತೆಗೆದು
ಅಂಗೈ ಇಟ್ಟೆ.
ಏಳು, ಎಂಟು, ಒಂಬತ್ತು, ಹತ್ತು.
ಹದಿನೈದು.
ಹದವಾದ ಬಿಸುಪು. ಹೊರಗೆ ಮೈನಸ್ ಇಪ್ಪತ್ತೊಂದು.
ಇನ್ನೊಂದು ಕೈಯನ್ನೂ ಇಟ್ಟೆ.