ಮೂವತ್ತೊಂದರಿಂದ ಮೂವತ್ತೈದು

ಬೈತಖೋಲದಿಂದ ಚಂಪಾವತಿ ತಾಂಡೇಲ
ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಡಬ್ಬ:
ಸಂಘದ ಕಂಪ್ಯೂಟರು, ತೊಂಬತ್ತೆಂಟರದ್ದು.
ಸ್ಕ್ರೂ ತಿರುಗಿಸಿದರೆ ಅದರ ತಲೆಯೇ ಉದುರಿತು.
ಒಳಗೆ ಉಪ್ಪು, ಒಂದು ಸತ್ತ ಜಿರಳೆ,
ಯಾರೋ ಮಡಚಿಟ್ಟ ಡೀಸೆಲ್ ಚೀಟಿ.

ಕರೆಂಟು ಕೊಟ್ಟೆ.
ಟಕ್. ಆಮೇಲೆ ಸುಮ್ಮನೆ. ಟಕ್ ಟಕ್.
"ಹಲ್ಲಿ ನುಡಿದ ಹಾಗಿದೆ" ಅಂದಳು,
"ಹೌದು ಅನ್ನುತ್ತದೋ, ಬೇಡ ಅನ್ನುತ್ತದೋ?"
ಕಪ್ಪು ಪರದೆಯಲ್ಲಿ ಅದೇ ಹಳೆಯ ಮೂರು ದಾರಿ:
ಬಿಡಲೋ, ಮತ್ತೆ ಓದಲೋ, ಸೋತೆನೆನ್ನಲೋ.

"ಏನಿದೆ ಇದರಲ್ಲಿ?"
"ಕಲ್ಲು."
ಮಾವ ಸೋಮಾ ತಾಂಡೇಲ ಕಣ್ಣು ಮಂಜಾಗುವ ಮೊದಲು
ಹೇಳಿ ಬರೆಸಿದ್ದು. ನೀರಡಿಯ ಕಲ್ಲುಗಳು,
ಬಲೆ ಹರಿಯುವ ಜಾಗಗಳು, ಒಟ್ಟು ಐವತ್ತೆರಡು.
"ಜಿಪಿಎಸ್ ಇದೆಯಲ್ಲ ಈಗ?"
"ಅದಕ್ಕೆ ದಾರಿ ಗೊತ್ತು. ತಳ ಗೊತ್ತಿಲ್ಲ."

ಡಿಸ್ಕನ್ನು ಬರ್ಫದಲ್ಲಿಟ್ಟರೆ ಬದುಕುತ್ತದಂತೆ,
ಯಾರೋ ಹೇಳಿದ್ದರು ಅವಳಿಗೆ. ಐಸ್ ಪ್ಲಾಂಟು ಅವರದೇ,
ಎಷ್ಟು ಬೇಕು ಹೇಳು ಅಂದಳು.
ಅದೇನು ಬಂಗಡೆಯೇ, ಬೇಡ ಅಂದೆ.

ನಾನು ಮಾಡಿದ್ದು ಇಷ್ಟೇ:
ಅದರ ಮೇಲೆ ಏನನ್ನೂ ಬರೆಯಲಿಲ್ಲ.
ಕೊನೆಯುಸಿರಿನವರ ಹತ್ತಿರ ಕೇಳಿಸಿಕೊಳ್ಳಬೇಕು,
ನಮ್ಮ ಮಾತು ಹೇರಬಾರದು.
ಸಲೀಸಾಗಿ ಬಂದದ್ದನ್ನು ಮೊದಲು ಇನ್ನೊಂದು ಡಿಸ್ಕಿಗೆ ಇಳಿಸಿದೆ,
ಸಿಕ್ಕಿಕೊಂಡಲ್ಲಿ ಬಿಟ್ಟು ಮುಂದೆ ಹೋದೆ,
ಕೊನೆ ಮುಟ್ಟಿ, ಹಿಮ್ಮುಖವಾಗಿ ಬಂದೆ.
ಮುಂದಿನಿಂದ ಕೊಡದ್ದನ್ನು ಒಮ್ಮೊಮ್ಮೆ
ಹಿಂದಿನಿಂದ ಕೇಳಿದರೆ ಕೊಡುತ್ತದೆ.
ಕಾಜುಬಾಗದಲ್ಲಿ ಎರಡು ಸಲ ಕರೆಂಟು ಹೋಯಿತು,
ಬ್ಯಾಟರಿ ಕಿರುಚುತ್ತಲೇ ತಡೆದುಕೊಂಡಿತು.

ಪಕ್ಕದಲ್ಲಿ ಯಂತ್ರವೇ ಬರೆಯುತ್ತಿತ್ತು
ಓದಲಾಗದ ಜಾಗಗಳ ಪಟ್ಟಿ, ಮತ್ತೆ ಯಾರೂ ಅಲ್ಲಿಗೆ ಹೋಗದಂತೆ.
ಚಂಪಾವತಿ ಬಗ್ಗಿ ನೋಡಿದಳು:
"ಇದೂ ನಮ್ಮ ಮಾವನ ಕೆಲಸವೇ."

ಮೂರನೆಯ ರಾತ್ರಿ ಡಿಸ್ಕು ತಿರುಗುವುದನ್ನು ನಿಲ್ಲಿಸಿತು.
ಫೈಲು ತೆರೆದೆ. ಕನ್ನಡವಿಲ್ಲ.
ಪಿ, ಓರೆ ಬೊಟ್ಟಿಟ್ಟ ಎ,
ಉಂಗುರದೊಳಗೊಂದು ಆರ್, ಕಾಲು ಎಂಬ ಅಂಕೆ,
ಪುಟ ತುಂಬ ಇಂಗ್ಲಿಷಿನ ಮುರಿದ ಮೂಳೆ.
"ಹೋಯಿತಲ್ಲ" ಅಂದಳು. ನಾನೂ ಹಾಗೇ ಅಂದುಕೊಂಡೆ.

ಅವಳೇ ಕರೆತಂದಳು, ಕೋರ್ಟಿನೆದುರು
ಮೂವತ್ತು ವರ್ಷ ಅರ್ಜಿ ಬೆರಳಚ್ಚಿಸಿದ ಎಸ್ಪೆರಾಂಸ ಬಾಯಿಯನ್ನು.
ಕನ್ನಡಕ ಒರೆಸಿ ಮುದುಕಿ ಒಂದು ನಿಮಿಷ ನೋಡಿದಳು.
"ಕೆಟ್ಟಿಲ್ಲ ಮಗಾ. ಆಗಿನ ಅಕ್ಷರದ ಬಟ್ಟೆ
ನಿನ್ನ ಪೆಟ್ಟಿಗೆಯಲ್ಲಿಲ್ಲ, ಅಷ್ಟೇ.
ಪಿ ಅಂದರೆ ಕ. ಬೊಟ್ಟಿನ ಎ ತಲೆಕಟ್ಟು.
ಉಂಗುರದ ಆರ್ ಲ. ಕಾಲು ಅಂದರೆ ಳ."
ಆಮೇಲೆ ತಡವರಿಸದೆ ಓದಿದಳು:

ಹದಿನಾಲ್ಕು. ಮುದಿ ಎಮ್ಮೆ.
ಕೂರ್ಮಗಡ ದೇವಗಡದ ಬೆನ್ನಿಗೆ ಅಡಗಿದಾಗ
ಗುಂಡು ಇಳಿಬಿಡು. ಏಳು ಮಾರು.

ಹದಿನೈದು. ಸಿಟ್ಟಿನ ಸೊಸೆ.
ಸದಾಶಿವಗಡದ ಮೂಗಿಗೆ ದೀಪ ತಾಗಿದಾಗ.
ಐದು ಮಾರು. ಇಳಿತದಲ್ಲಿ ನಾಲ್ಕು.

"ಇದನ್ನು ಹೇಳುವಾಗ ನೀನು ಹೊರಗೆ ನಿಂತಿದ್ದೆ" ಅಂದಳು ಬಾಯಿ,
"ಸ್ವಲ್ಪ ಜೋರಾಗಿಯೇ ಹೇಳಿದ."
"ಕೇಳಿಸಿತ್ತು" ಅಂದಳು ಚಂಪಾವತಿ.

ಮೂವತ್ತರವರೆಗೆ ಸರಿ. ಆಮೇಲೆ ಐದು ಸಾಲು
ಬಟ್ಟೆಯೂ ಇಲ್ಲ, ಮೈಯೂ ಇಲ್ಲ. ಬರೀ ಸೊನ್ನೆ.
ನೂರು ಸಲ ಕೇಳಿದ್ದೆ ಆ ಜಾಗದಲ್ಲಿ,
ನೂರು ಸಲವೂ ಟಕ್.
"ತೆಗೆದುಬಿಡಲೇ? ಮೂವತ್ತಾರನ್ನು ಮೇಲಕ್ಕೆ ತಂದರೆ
ನೋಡಲು ಚಂದ ಇರುತ್ತದೆ."
"ಬೇಡ. ಪಟ್ಟಿಯಲ್ಲಿ ಇಲ್ಲದಿದ್ದರೇನು,
ಕಲ್ಲು ಎದ್ದು ಹೋಗಿದೆಯೇ?"

ಹಾಗೇ ಅಚ್ಚು ಹಾಕಿಕೊಟ್ಟೆ, ದೋಣಿಗೊಂದು ಪ್ರತಿ,
ಅಂಕೆ ಇರುವ ಐದು ಖಾಲಿ ಗೆರೆ.

ಯುಗಾದಿ ಕಳೆದ ಮೇಲೆ ಫೋನಿಗೆ ಒಂದು ಚಿತ್ರ ಬಂತು.
ಅದೇ ಹಾಳೆ, ಎಣ್ಣೆ ಮೆತ್ತಿಕೊಂಡಿದೆ,
ನೀಲಿ ಪೆನ್ನು, ಯಾರದೋ ಅವಸರದ ಕೈ:
ಮೂವತ್ಮೂರು ಇರಬಹುದು. ಹೆಸರು ಗೊತ್ತಿಲ್ಲ.
ಒಂಬತ್ತು ಮಾರು. ಬಲೆ ಅರ್ಧ ಹೋಯಿತು.