ಎಣಿಕೆ

ಬಿರುನಾಣಿಯಲ್ಲಿ ಸುದ್ದಿಗೆ ಬಾಯಿ ಬೇಕಿರಲಿಲ್ಲ,
ಕೋವಿ ಇತ್ತು.
ಒಂದು ಗುಂಡು ಕೇಳಿದರೆ
ಯಾರ ಮನೆಯಲ್ಲೋ ಗಂಡು ಹುಟ್ಟಿದ.
ಎರಡು, ಒಂದರ ಬೆನ್ನಿಗೊಂದು, ಕೇಳಿದರೆ
ಗದ್ದೆಯಲ್ಲಿದ್ದವರು ಕೈ ತೊಳೆದು
ಬಿಳಿ ಬಟ್ಟೆ ಉಟ್ಟು ಹೊರಡುತ್ತಿದ್ದರು,
ಯಾರು, ಯಾರ ಮನೆ, ಎಂದು ದಾರಿಯಲ್ಲಿ ಕೇಳಿಕೊಳ್ಳುತ್ತ.

ಅಣ್ಣ ಬೆಳ್ಯಪ್ಪ ಹುಟ್ಟಿದಾಗ ಹಾರಿಸಿದ್ದು
ಹಲಸಿನ ಕೊಂಬೆಗೆ ತಾಗಿತ್ತಂತೆ.
ಗಾಯದ ಸುತ್ತ ತೊಗಟೆ ಬೆಳೆದು ಹುಬ್ಬಿನ ಹಾಗೆ ಉಬ್ಬಿತ್ತು.
‘ನನ್ನ ಜಾತಕ ನೋಡು’ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ.

ನಮ್ಮ ಒಕ್ಕದಲ್ಲಿ ಎಲ್ಲರೂ ನೆಲದ ಸಿಪಾಯಿಗಳು.
ದೊಡ್ಡಪ್ಪನ ಮೊಣಕಾಲಲ್ಲಿ ಬರ್ಮಾದ ಚೂರು
ಮಳೆಗಾಲಕ್ಕೆ ಮೊದಲೇ ಮಳೆ ಹೇಳುತ್ತಿತ್ತು.
ಇವನೊಬ್ಬ, ನೀರು ಎಂದ.
ಮೆಸೊಪೊಟೇಮಿಯಕ್ಕೆ ಹೋಗಿಬಂದ ಅಜ್ಜ ಹೇಳಿದರು:
‘ಹಡಗಿನಲ್ಲಿ ಹೋಗುವಾಗಲೂ ವಾಂತಿ, ಬರುವಾಗಲೂ ವಾಂತಿ.
ಅದು ಮನುಷ್ಯ ಕಾಲೂರುವ ಜಾಗವಲ್ಲ, ಮಗ.’

ಈಜು ಕಲಿತದ್ದು ಗದ್ದೆಯ ಕೆಳಗಿನ ತೋಡಿನಲ್ಲಿ,
ಎಮ್ಮೆಗಳು ಬೀಳುವ ಗುಂಡಿಯಲ್ಲಿ.
ದಡದಲ್ಲಿ ನಿಂತು ಎಣಿಸುವುದು ನನ್ನ ಕೆಲಸ.
ಅವನು ಮುಳುಗಿದ ಕೂಡಲೇ ಒಂದು, ಎರಡು, ಮೂರು,
ಎಮ್ಮೆ ಮೂಸಿದರೂ ತಪ್ಪಬಾರದು.
ಒಮ್ಮೆ ನೂರ ಹನ್ನೆರಡಕ್ಕೆ ಎದ್ದ,
ಕಿವಿಯಲ್ಲಿ ಕೆಸರು, ಕಣ್ಣು ಕೆಂಪು:
‘ಎಷ್ಟು, ಚೋಂದು?’
ನಾನು ಅಳುತ್ತಿದ್ದೆ. ಆದರೂ ಸರಿಯಾಗಿ ಹೇಳಿದೆ.

ಆ ವರ್ಷ ಪುತ್ತರಿಯ ಕದಿರು
ಬಾಗಿಲಲ್ಲಿ ಇನ್ನೂ ಹಸಿ.
ಅಂಚೆಯ ಆಲಿಕುಟ್ಟಿ ಸೈಕಲನ್ನು ಓಣಿಯ ಬಾಯಲ್ಲೇ ಮಲಗಿಸಿ
ನಡೆದುಕೊಂಡು ಬಂದ. ಬೆಲ್ ಮಾಡಲಿಲ್ಲ.
ತಂತಿಯ ಇಂಗ್ಲಿಷನ್ನು ದೊಡ್ಡಪ್ಪ ಮೂರು ಸಲ ಓದಿ
ಕೊನೆಗೆ ಒಂದೇ ಮಾತಿಗೆ ಇಳಿಸಿದರು: ಕಾಣೆ.
ಹಡಗು ಎಲ್ಲಿ ಮುಳುಗಿತು? ಕಾಣೆ.
ದೋಣಿಗೆ ಹತ್ತಿದವರಲ್ಲಿ ಇದ್ದನೇ? ಕಾಣೆ.
ಕೇಳುವವರೂ ಹೇಳುವವರೂ
ಒಂದೇ ಪದದ ಮೇಲೆ ಕೂತಿದ್ದೆವು.

ದೊಡ್ಡಪ್ಪ ಗೋಡೆಯಿಂದ ಕೋವಿ ಇಳಿಸಿದರು.
ಎರಡು ತೋಟೆ ತುಂಬಿಸಿದರು.
ಅವ್ವ ಅಂಗಳಕ್ಕೆ ಬಂದು ನಳಿಗೆಯ ಮುಂದೆ ನಿಂತಳು.
‘ಎರಡು ಹಾರಿಸುವುದಕ್ಕೆ ಹೆಣ ಬೇಕು.
ಒಂದು ಹಾರಿಸುವುದಕ್ಕೆ ತೊಟ್ಟಿಲು ಬೇಕು.
ನನ್ನ ಹತ್ತಿರ ಯಾವುದಿದೆ?’

ತೋಟೆಗಳನ್ನು ತಾನೇ ತೆಗೆದು
ಅವನ ಮದುವೆಗೆಂದು ಹೊಲಿಸಿದ್ದ ಕುಪ್ಯದಲ್ಲಿ ಸುತ್ತಿಟ್ಟಳು.
ಬಿಳಿ ಕುಪ್ಯ. ನಮ್ಮಲ್ಲಿ ಮದುಮಗನಿಗೂ ಅದೇ,
ಮತ್ತೊಂದು ಪಯಣಕ್ಕೂ ಅದೇ.
ಕಾರಣರಿಗೆ ಎಡೆ ಇಡುವ ರಾತ್ರಿ
ಅವನ ಹೆಸರು ಬಂದಾಗ ಎಲ್ಲರೂ ಕೆಮ್ಮುತ್ತಿದ್ದರು.

ಅವ್ವ ಹೋದಾಗ ಎರಡು ಹಾರಿದವು, ಹೊಸ ತೋಟೆ.
ಊರು ಕೈ ತೊಳೆದು ಬಂತು.

ನಾನು ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿದವಳು.
ಕಾವೇರಿ ಹರಿಯುವುದು ಮೂಡಣಕ್ಕೆ,
ಅವನಿರುವುದು ಪಡುವಣ ಕಡಲಲ್ಲಿ.
ತುಲಾ ಸಂಕ್ರಮಣಕ್ಕೆ ಪ್ರತಿ ವರ್ಷ ನಾನು ಬಿಟ್ಟ ಹೂ
ತಪ್ಪು ವಿಳಾಸಕ್ಕೆ ಹೋಗಿದೆ.
ಗೊತ್ತಿತ್ತು. ಆದರೂ ಬಿಡುತ್ತಿದ್ದೆ.

ಗೊತ್ತಿಲ್ಲದ್ದು ಬೇರೆ.
ಹೋದ ವಾರ ಸರ್ವೆಯ ಹಳೆ ನಕ್ಷೆ ಬಿಚ್ಚಿ
ಗದ್ದೆಯ ಕೆಳಗಿನ ತೋಡಿಗೆ ಬೆರಳಿಟ್ಟೆ.
ಹೆಸರಿಲ್ಲದ ನೀಲಿ ಗೆರೆ, ಎರಡು ತಿರುವು,
ಬರಪೊಳೆ ಸೇರಿ, ಘಟ್ಟ ಇಳಿದು,
ಪಡುವಣಕ್ಕೆ.
ಎಮ್ಮೆ ಕದಡಿದ ಆ ನೀರು
ಅವನಿಗಿಂತ ಮೊದಲೇ ಅಲ್ಲಿಗೆ ಹೋಗುತ್ತಿತ್ತು.

ಇವತ್ತು ಟ್ರಂಕು ತೆರೆದೆ.
ಕುಪ್ಯಕ್ಕೆ ನುಸಿಗುಳಿಗೆಯ ವಾಸನೆ.
ಹಿತ್ತಾಳೆ ಹಸಿರುಗಟ್ಟಿದೆ, ಮದ್ದು ಎಂದೋ ಸತ್ತಿರಬೇಕು.
ಮೊಣಕಾಲುದ್ದದ ನೀರಿಗೆ ಒಂದನ್ನು ಬಿಟ್ಟೆ.
ಬೆನ್ನಿಗೇ ಇನ್ನೊಂದು.
ಗುಳುಕ್, ಗುಳುಕ್.
ಯಾರೂ ಕೈ ತೊಳೆದು ಬರಲಿಲ್ಲ.
ಪಕ್ಕದ ಗದ್ದೆಯ ಹುಡುಗ ಮಾತ್ರ ತಲೆಯೆತ್ತಿ
‘ಏನು ಬಿತ್ತು ಅಜ್ಜಿ?’ ಎಂದ.
ಮಾತಾಡಿದರೆ ಎಣಿಕೆ ತಪ್ಪುತ್ತದೆ.
ಕೈಯಲ್ಲೇ ಸುಮ್ಮನಿರು ಎಂದೆ.

ನೂರ ಹನ್ನೆರಡಕ್ಕೆ ನಿಲ್ಲಿಸಬೇಕೆಂದುಕೊಂಡಿದ್ದೆ.
ದಡದಿಂದ ಒಂದು ಕಪ್ಪೆ ಹಾರಿತು.
ನೂರ ಹದಿಮೂರು.